ಸಾಮ್ವಾ ಹಬ್ಬಕ್ಕೆ ಗಿಟಾರ್ ಹೊತ್ತು ಹೊರಟವರಿಗೆ

ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ನೆನಪಿಗೆ ಫ್ರಾನ್ಸಿನ ಸಾಮ್ವಾದಲ್ಲಿ ಶುರುವಾದ ಸಂಗೀತ ಹಬ್ಬಕ್ಕೆ ಹೋಗಿ ಬಂದವರನ್ನು, ಅಲ್ಲಿ ಕೇಳಿದ್ದರಲ್ಲಿ ಯಾವುದು ಚೆನ್ನಾಗಿತ್ತು ಅಂತ ಕೇಳಿ ನೋಡಿ. ದೊಡ್ಡ ವೇದಿಕೆಯವರ ಹೆಸರು ಮೊದಲು ಬರುವುದು ಕಡಿಮೆ. "ರಾತ್ರಿ ಎರಡು ಗಂಟೆಗೆ ಕ್ಯಾಂಪಿನಲ್ಲಿ ಒಬ್ಬ ಹುಡುಗ ನುಡಿಸಿದ, ಹದಿಮೂರೋ ಹದಿನಾಲ್ಕೋ ವರ್ಷ ಇರಬೇಕು" ಅಂತ ಮಾತು ಶುರುವಾಗುತ್ತದೆ. ನನ್ನದೂ ಅದೇ ಕಥೆ. ಟಿಕೆಟ್ ಕೊಟ್ಟು ಕೂರುವ ಕಛೇರಿ ಖಂಡಿತ ಚೆನ್ನಾಗಿರುತ್ತದೆ. ಆದರೆ ನನ್ನ ಮಟ್ಟಿಗೆ ಹಬ್ಬ ಅಂದರೆ ಮರದ ಕೆಳಗೆ ಸುತ್ತಾಗಿ ಕೂತು ನುಡಿಸುವ ಆ ಗುಂಪು. ಮೈಕ್ ಇಲ್ಲ, ಡ್ರಮ್ ಇಲ್ಲ, ನಾಲ್ಕೈದು ಗಿಟಾರ್, ಒಂದು ವಯಲಿನ್, ಅಷ್ಟೇ.

ಅಪಾಯಗಳೂ ಅಲ್ಲೇ ಇವೆ. ಕತ್ತಲು, ನದಿ ದಂಡೆ, ಕಾಡು, ಟೆಂಟಿನ ಹಗ್ಗ, ನಿದ್ದೆಗೆಟ್ಟ ಮೈ. ಹಗಲೆಲ್ಲ ಬಿಸಿಲಲ್ಲಿ ಬೆಂದವರು ಸಂಜೆಗೇ ತಲೆನೋವು ಅಂತ ರೂಮಿಗೆ ಹೊರಡುತ್ತಾರೆ. ಗಿಟಾರಿನ ಮರ ಬಿರುಕು ಬಿಟ್ಟವರು ಸುಮ್ನೆ ನೋಡುತ್ತಾ ನಿಲ್ಲುತ್ತಾರೆ. ಆ ಸುತ್ತಿನಲ್ಲಿ ರಾತ್ರಿ ಎರಡಕ್ಕೂ ನೀವು, ನಿಮ್ಮ ಗಿಟಾರ್ ಇಬ್ಬರೂ ಸರಿಯಾಗಿರಬೇಕು. ಅದಕ್ಕಾಗಿ ಈ ಬರಹ.

ಮೊದಲು ತಿಳಿಯಬೇಕಾದದ್ದು: ಯಾವ ಊರು, ಯಾವ ಮೈದಾನ

ಜ್ಯಾಂಗೊ 1910ರಲ್ಲಿ ಬೆಲ್ಜಿಯಂನ ಲಿಬೆರ್ಶಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅವರು ಮನುಷ್ ಎಂಬ ಅಲೆಮಾರಿ ಸಮುದಾಯದವರು, ಹೊರಗಿನವರ ಮಾತಿನಲ್ಲಿ ಜಿಪ್ಸಿ. ಗಾಡಿಮನೆಯಲ್ಲೇ ಬೆಳೆದರು. 1934ರಲ್ಲಿ ವಯಲಿನ್ ವಾದಕ ಸ್ಟೆಫಾನ್ ಗ್ರಾಪೆಲಿ ಜೊತೆ ಪ್ಯಾರಿಸಿನಲ್ಲಿ ಕಟ್ಟಿದ ಐದು ಜನರ ತಂಡದಿಂದ ಜಿಪ್ಸಿ ಜಾಝ್ ಅನ್ನುವ ಈ ಶೈಲಿ ಲೋಕಕ್ಕೆ ಪರಿಚಯವಾಯಿತು. ಮೂರು ಗಿಟಾರ್, ಒಂದು ವಯಲಿನ್, ಒಂದು ಡಬಲ್ ಬೇಸ್. ಕೊನೆಯ ವರ್ಷಗಳನ್ನು ಪ್ಯಾರಿಸಿನ ದಕ್ಷಿಣಕ್ಕೆ, ಸೀನ್ ನದಿ ದಂಡೆಯ ಸಾಮ್ವಾ ಎಂಬ ಚಿಕ್ಕ ಊರಿನಲ್ಲಿ ಮೀನು ಹಿಡಿಯುತ್ತಾ ಕಳೆದರು. 1953ರ ಮೇ 16ರಂದು ರೈಲು ನಿಲ್ದಾಣದಿಂದ ನಡೆದು ಬಂದವರು ಮನೆ ಹತ್ತಿರ ಕುಸಿದರು. ಮಿದುಳಿನಲ್ಲಿ ರಕ್ತಸ್ರಾವ. ಆಗ ಅವರಿಗೆ 43 ವರ್ಷ. ಸಮಾಧಿ ಆ ಊರಿನಲ್ಲೇ ಇದೆ.

ಅವರ ನೆನಪಿನ ಹಬ್ಬ 1968ರಲ್ಲಿ ಮೊದಲು ನಡೆಯಿತು. ವರ್ಷಾನುಗಟ್ಟಲೆ ಅದು ಸಾಮ್ವಾದ ಎದುರಿಗೆ ನದಿ ನಡುವೆ ಇರುವ ಪುಟ್ಟ ದ್ವೀಪದಲ್ಲೇ ಆಗುತ್ತಿತ್ತು. ದ್ವೀಪದ ಹೆಸರು ಇಲ್ ದ್ಯು ಬೆರ್ಸೊ, ನಮ್ಮ ಮಾತಿನಲ್ಲಿ ತೊಟ್ಟಿಲ ದ್ವೀಪ. ನಾನು ಮೊದಲ ಸಲ ಹೋದದ್ದು ಅಲ್ಲಿಗೇ. ಆಮೇಲೆ 2016ರ ಜೂನ್ ಮೊದಲ ವಾರ ಸೀನ್ ನದಿ ಉಕ್ಕಿತು. ಪ್ಯಾರಿಸಿನಲ್ಲೇ ನೀರು 6 ಮೀಟರ್ ದಾಟಿತ್ತು. ಇನ್ನು ನದಿ ನಡುವಿನ ದ್ವೀಪದ ಗತಿ ಹೇಳಬೇಕಾ? ಹಬ್ಬವನ್ನು ಅವಸರದಲ್ಲಿ ಪಕ್ಕದ ಊರಾದ ಫಾಂಟೆನ್‌ಬ್ಲೋ ಅರಮನೆಯ ಉದ್ಯಾನಕ್ಕೆ ಸಾಗಿಸಿದರು. ಆಮೇಲಿನ ವರ್ಷಗಳಲ್ಲಿ ದೊಡ್ಡ ವೇದಿಕೆ ಅಲ್ಲೇ ಉಳಿಯಿತು. ಸಾಮ್ವಾ ಊರಿನಲ್ಲಿ ಸಣ್ಣ ಕಛೇರಿಗಳು, ರಸ್ತೆ ಬದಿಯ ವಾದನ ನಡೆದವು.

ಆದ್ದರಿಂದ ಮೊದಲ ಹೆಜ್ಜೆ ಇದು: ರೂಮ್ ಬುಕ್ ಮಾಡುವ ಮುಂಚೆ, ಆ ವರ್ಷ ಯಾವ ಕಾರ್ಯಕ್ರಮ ಯಾವ ಜಾಗದಲ್ಲಿ ಅಂತ ಹಬ್ಬದವರ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಹಳೆಯ ಪ್ರವಾಸ ಕಥನ ನಂಬಿ ದ್ವೀಪಕ್ಕೆ ಹೋದರೆ ಬಾತುಕೋಳಿಗಳಷ್ಟೇ ಸಿಗಬಹುದು. ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈ ಮೊದಲ ವಾರದಲ್ಲಿ ಹಬ್ಬ ಬರುತ್ತದೆ. ಇನ್ನೊಂದು ಮಾತು, ಊರಿನ ಹೆಸರನ್ನು ಅಕ್ಷರ ನೋಡಿ 'ಸಮೋಯಿಸ್' ಅನ್ನಬೇಡಿ. ಸಾಮ್ವಾ ಅಂದರೆ ಮಾತ್ರ ಅಲ್ಲಿಯವರಿಗೆ ಗೊತ್ತಾಗುತ್ತದೆ.

ಫ್ರಾನ್ಸ್ ದೂರ ಅನ್ನಿಸಿದರೆ ಬೇರೆ ದಾರಿಯೂ ಇದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ವಾಷಿಂಗ್ಟನ್ ರಾಜ್ಯದ ವಿಡ್ಬಿ ದ್ವೀಪದಲ್ಲಿ ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಜ್ಯಾಂಗೊಫೆಸ್ಟ್ ಹತ್ತಿರ. ಕೆಳಗೆ ಹೇಳುವ ಮಾತುಗಳಲ್ಲಿ ಮುಕ್ಕಾಲು ಪಾಲು ಅಲ್ಲಿಗೂ ಸಲ್ಲುತ್ತವೆ.

ವೀಸಾ, ವಿಮೆ, ಮಲಗುವ ಜಾಗ

ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ನೂಕುನುಗ್ಗಲು ಜಾಸ್ತಿ. ಮಾರ್ಚ್ ಒಳಗೇ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ದಿನ ಹಿಡಿದುಬಿಡಿ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಈ ವಿಮೆ ನಿಮ್ಮ ದೇಹಕ್ಕೆ. ಗಿಟಾರಿಗೆ ರಕ್ಷಣೆ ಇದೆಯಾ ಅಂತ ಬೇರೆಯಾಗಿ ಕೇಳಿ, ಇಲ್ಲದಿದ್ದರೆ ಬೇರೆಯಾಗಿ ಮಾಡಿಸಿ.

ಮಲಗುವುದಕ್ಕೆ ಎರಡು ದಾರಿ. ಫಾಂಟೆನ್‌ಬ್ಲೋ ಅಥವಾ ಅದರ ಪಕ್ಕದ ಆವೊಂನಲ್ಲಿ ರೂಮ್ ಹಿಡಿಯುವುದು ಒಂದು. ನದಿಯ ಆಚೆ ದಡದ ಸಾಮೊರೊದಲ್ಲಿರುವ ಕ್ಯಾಂಪ್ ಮೈದಾನ ಇನ್ನೊಂದು. ಹಬ್ಬದ ದಿನಗಳಲ್ಲಿ ಆ ಮೈದಾನ ಗಿಟಾರಿನವರ ಊರೇ ಆಗಿಬಿಡುತ್ತದೆ. ಬೆಳಗಿನ ಜಾವದವರೆಗೂ ಒಂದಲ್ಲ ಒಂದು ಮೂಲೆಯಲ್ಲಿ ತಂತಿ ಮಿಡಿಯುತ್ತಿರುತ್ತದೆ. ನಿದ್ದೆ ಬೇಕೇ ಬೇಕು ಅನ್ನುವವರು, ಚಿಕ್ಕ ಮಕ್ಕಳಿರುವವರು ರೂಮ್ ಹಿಡಿಯಿರಿ. ನುಡಿಸಬೇಕು ಅಂತಲೇ ಹೋಗುವವರಿಗೆ ನಾನು ಹೇಳುವುದು ಕ್ಯಾಂಪ್. ಎರಡಕ್ಕೂ ಜಾಗ ಬೇಗ ತುಂಬುತ್ತದೆ.

ಕ್ಯಾಂಪಿಗೆ ಹೋಗುವವರು ಒಂದು ದಪ್ಪ ಸ್ವೆಟರ್ ಇಟ್ಟುಕೊಳ್ಳಿ. ಹಗಲು 30 ಡಿಗ್ರಿ ಇದ್ದರೂ ನದಿ ದಂಡೆಯಲ್ಲಿ ರಾತ್ರಿ ಚಳಿ ಕಚ್ಚುತ್ತದೆ. ಬೆರಳು ಮರಗಟ್ಟಿದರೆ ಆ ವೇಗಕ್ಕೆ ನುಡಿಸಲಾಗುವುದಿಲ್ಲ.

ಸಸ್ಯಾಹಾರಿಗಳಿಗೆ ಹಬ್ಬದ ಅಂಗಡಿಗಳಲ್ಲಿ ಆಲೂ ಫ್ರೈಸ್, ಕ್ರೆಪ್ ಎಂಬ ತೆಳು ದೋಸೆ, ಚೀಸ್ ಹಾಕಿದ ಬ್ರೆಡ್ ಸಿಗುತ್ತವೆ. ಮಾಂಸ ಬೇಡ ಅನ್ನಲು 'ಸಾಂ ವಿಯಾಂದ್' ಅಂದರೆ ಸಾಕು. ಮನೆಯಿಂದ ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ ಒಯ್ಯಬೇಡಿ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧವಿದೆ.

ಗಿಟಾರನ್ನು ಒಯ್ಯುವ ಬಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜ್ಯಾಂಗೊ ನುಡಿಸಿದ್ದು ಸೆಲ್ಮರ್ ಕಂಪನಿಯ ಗಿಟಾರ್. ಮಾರಿಯೊ ಮಕಾಫೆರಿ ಎಂಬ ಇಟಲಿಯವರು ರೂಪಿಸಿದ ಈ ವಾದ್ಯ 1932ರಿಂದ 1952ರವರೆಗೆ ತಯಾರಾಯಿತು. ಒಟ್ಟು ಸಾವಿರ ಕೂಡ ಮಾಡಿರಲಿಲ್ಲ. ಈಗ ಎಲ್ಲರ ಕೈಯಲ್ಲಿರುವುದು ಅದೇ ಮಾದರಿಯಲ್ಲಿ ಬೇರೆಯವರು ಮಾಡಿದವು. ಮೊದಮೊದಲು ಧ್ವನಿರಂಧ್ರ ಇಂಗ್ಲಿಷಿನ 'ಡಿ' ಅಕ್ಷರದ ಹಾಗಿತ್ತು, ಆಮೇಲೆ ಚಿಕ್ಕ ಮೊಟ್ಟೆಯಾಕಾರಕ್ಕೆ ಬಂತು. ಹಳೆಯ ಸೆಲ್ಮರ್‌ಗಳ ಬೆನ್ನಿಗೆ, ಪಕ್ಕಗಳಿಗೆ ಹಾಕುತ್ತಿದ್ದ ಪದರ ಯಾವ ಮರದ್ದು ಗೊತ್ತಾ? ನಮ್ಮ ಬೀಟೆ ಜಾತಿಯದು. ಮಲೆನಾಡು, ಕೊಡಗಿನ ಕಾಡುಗಳಲ್ಲಿ ಬೆಳೆಯುತ್ತದಲ್ಲ, ಅದೇ.

ಬೀಟೆ ಅಂದ ಕೂಡಲೇ ಕಸ್ಟಮ್ಸ್ ನೆನಪಾಗಬೇಕು. ಈ ಮರದ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ನಿರ್ಬಂಧವಿದೆ. 2019ರ ಕೊನೆಯಲ್ಲಿ ನಿಯಮ ಬದಲಾಗಿ, ಸಿದ್ಧವಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದರೆ ಅದೇ ಬಳಗದ ಬ್ರೆಜಿಲ್ ರೋಸ್‌ವುಡ್‌ಗೆ ಆ ವಿನಾಯಿತಿ ಇಲ್ಲ. ನಿಮ್ಮದು ಹಳೆಯ, ಬೆಲೆಬಾಳುವ ವಾದ್ಯವಾದರೆ ಯಾವ ಮರ ಅಂತ ಬರೆದ ರಸೀದಿ ಜೊತೆಗಿರಲಿ. ಹೊರಡುವಾಗ ನಮ್ಮ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ವಾದ್ಯದ ವಿವರ ಬರೆಸಿ ಪತ್ರ ಪಡೆದರೆ, ವಾಪಸ್ ಬರುವಾಗ ಇದು ಅಲ್ಲಿ ಕೊಂಡದ್ದು ಅಂತ ತೆರಿಗೆ ಕೇಳುವ ತಾಪತ್ರಯ ಇರುವುದಿಲ್ಲ.

ಇನ್ನು ಈ ಗಿಟಾರಿನ ಮುಖ್ಯ ಗುಟ್ಟು. ವೀಣೆಯಲ್ಲಿ ಕುದುರೆ ಅನ್ನುತ್ತೇವಲ್ಲ, ತಂತಿ ಹೊರುವ ಆ ತುಂಡನ್ನು ಗಿಟಾರಿನಲ್ಲಿ ಬ್ರಿಡ್ಜ್ ಅಂತಾರೆ. ಮಾಮೂಲಿ ಗಿಟಾರಿನಲ್ಲಿ ಅದನ್ನು ಅಂಟಿಸಿರುತ್ತಾರೆ. ಇದರಲ್ಲಿ ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದಲೇ ಅದು ನಿಂತಿರುತ್ತದೆ. ವಿಮಾನಕ್ಕೆ ಅಂತ ತಂತಿಗಳನ್ನು ಪೂರ್ತಿ ಸಡಿಲ ಮಾಡಿದರೆ ಬ್ರಿಡ್ಜ್ ಜಾರುತ್ತದೆ. ಇಳಿದ ಮೇಲೆ ಎಷ್ಟು ಶ್ರುತಿ ಮಾಡಿದರೂ ಮೇಲಿನ ಮನೆಗಳಲ್ಲಿ ಸ್ವರ ಸೇರುವುದಿಲ್ಲ. ಮೊದಲ ಸಲ ನನಗೆ ಹೀಗೇ ಆಯಿತು. ಕಾರಣ ಹೊಳೆಯದೆ ಒಂದು ಇಡೀ ಸಂಜೆ ಕೈಬಿಟ್ಟು ಹೋಯಿತು. ಹೀಗೆ ಮಾಡಿ: ಬ್ರಿಡ್ಜಿನ ಎರಡೂ ಕಡೆ, ಬಣ್ಣ ಕೀಳದ ಕಾಗದದ ಟೇಪಿನ ಚಿಕ್ಕ ಗುರುತು ಹಚ್ಚಿ. ಒಂದು ಫೋಟೊ ತೆಗೆದಿಡಿ. ತಂತಿಗಳನ್ನು ಒಂದೆರಡು ಸ್ವರ ಮಾತ್ರ ಇಳಿಸಿ. ಬ್ರಿಡ್ಜ್ ಕೆಳಗೆ, ತಂತಿಗೂ ಮರಕ್ಕೂ ನಡುವೆ ಮೆತ್ತನೆಯ ಬಟ್ಟೆ ತುರುಕಿ. ಹೊಸ ತಂತಿ ಹಾಕುವಾಗಲೂ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ಬಿಚ್ಚಿ, ಒಂದು ಹಾಕಿ.

ತಂತಿ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಈ ಶೈಲಿಗೆ ಬಳಸುವುದು ಬೆಳ್ಳಿ ಲೇಪದ ತಾಮ್ರ ಸುತ್ತಿದ ತಂತಿ. ಧ್ವನಿ ಚೆನ್ನಾಗಿರುತ್ತದೆ, ಆದರೆ ಬೆವರು, ಇಬ್ಬನಿಗೆ ಬೇಗ ಮಂಕಾಗುತ್ತದೆ. ಮೂರು ಸೆಟ್ ಒಯ್ಯಿರಿ. ಪ್ರತಿ ಸಲ ನುಡಿಸಿದ ಮೇಲೆ ಒರೆಸಿ. ತಂತಿ ಮೀಟುವ ಪಿಕ್ ಮೂರು ಮಿಲಿಮೀಟರಿಗಿಂತ ದಪ್ಪ ಇರುವುದೇ ಇಲ್ಲಿ ರೂಢಿ. ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಹಸಿರು ಬಣ್ಣದ್ದು ಬೇಡ.

ಈ ಗಿಟಾರಿನ ಆಕಾರ ಬೇರೆ, ಅಳತೆ ಉದ್ದ. ಮಾಮೂಲಿ ಪೆಟ್ಟಿಗೆಯಲ್ಲಿ ಕೂರುತ್ತದಾ ಅಂತ ಮನೆಯಲ್ಲೇ ಹಾಕಿ ನೋಡಿ. ವಿಮಾನದ ಒಳಗೆ ಬಿಡುತ್ತಾರಾ ಅಂತ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಬಿಡುವುದಿಲ್ಲ ಅಂದರೆ ಗಟ್ಟಿ ಫ್ಲೈಟ್ ಕೇಸ್ ಇಲ್ಲದೆ ಲಗೇಜಿಗೆ ಹಾಕಬೇಡಿ. ಅಷ್ಟು ಖರ್ಚು ಬೇಡ ಅನ್ನಿಸಿದರೆ ಬರಿಗೈಯಲ್ಲೇ ಹೋಗಿ. ಹಬ್ಬದಲ್ಲಿ ವಾದ್ಯ ತಯಾರಕರ ಡೇರೆಗಳು ಇರುತ್ತವೆ, ಅಲ್ಲಿ ಕೂತು ನುಡಿಸಿ ನೋಡಲು ಬಿಡುತ್ತಾರೆ. ಹೆಗಲ ಚೀಲ, ಬೆಲ್ಟಿನ ಬಕಲ್, ಉಂಗುರ ಕಳಚಿಟ್ಟು ವಾದ್ಯ ಮುಟ್ಟಿ. ತಿಂಗಳುಗಟ್ಟಲೆ ಕೂತು ಮಾಡಿದ ವಸ್ತು ಅದು.

ಪ್ಯಾರಿಸಿನಿಂದ ಅಲ್ಲಿಗೆ

ಪ್ಯಾರಿಸಿನ ಗಾರ್ ದ ಲಿಯಾನ್ ನಿಲ್ದಾಣದಿಂದ ಫಾಂಟೆನ್‌ಬ್ಲೋ-ಆವೊಂಗೆ 'ಆರ್' ಮಾರ್ಗದ ರೈಲು. ಸುಮಾರು 40 ನಿಮಿಷ. ಹತ್ತುವ ಗಲಾಟೆಯಲ್ಲಿ, ವಿಮಾನ ನಿಲ್ದಾಣದಿಂದ ಬರುವ ರೈಲಿನಲ್ಲೂ, ಜೇಬುಗಳ್ಳರ ಕಾಟ ಇದೆ. ಪಾಸ್‌ಪೋರ್ಟ್ ಅಂಗಿಯ ಒಳಗಿರಲಿ. ಗಿಟಾರನ್ನು ಮೇಲಿನ ಹಲಗೆಯಲ್ಲಿಟ್ಟು ನಿದ್ದೆ ಮಾಡಬೇಡಿ. ಕಾಲುಗಳ ನಡುವೆ ನಿಲ್ಲಿಸಿ, ಪಟ್ಟಿಯನ್ನು ತೊಡೆಗೆ ಸುತ್ತಿಕೊಳ್ಳಿ.

ನಿಲ್ದಾಣದಿಂದ ಅರಮನೆಗೆ ಊರ ಬಸ್ಸಿದೆ. ಸಾಮ್ವಾ ಸುಮಾರು 5 ಕಿಲೋಮೀಟರ್. ಹಗಲಲ್ಲಿ ನಡೆಯಬಹುದಾದ ದೂರ. ಜ್ಯಾಂಗೊ ಕೊನೆಯ ದಿನ ನಡೆದು ಬಂದದ್ದು ಈ ಆವೊಂ ನಿಲ್ದಾಣದಿಂದಲೇ. ಆ ನೆನಪಿನಲ್ಲಿ ಒಂದು ಸಲವಾದರೂ ನಡೆಯಬೇಕು ಅಂತ ನನಗೆ ಅನ್ನಿಸಿತ್ತು, ನಡೆದೆ. ಆದರೆ ರಾತ್ರಿ ಆ ಕೆಲಸ ಬೇಡ. ಕಾಡಿನ ನಡುವಿನ ರಸ್ತೆಗಳಲ್ಲಿ ದೀಪವಿಲ್ಲ, ನಡೆಯುವವರಿಗೆ ಬೇರೆ ದಾರಿಯೂ ಇಲ್ಲದ ಕಡೆಗಳಿವೆ, ಕಾರುಗಳು ವೇಗವಾಗಿ ಬರುತ್ತವೆ. ಪ್ಯಾರಿಸಿಗೆ ಕೊನೆಯ ರೈಲು ಎಷ್ಟು ಗಂಟೆಗೆ ಅಂತ ಅವತ್ತಿನ ದಿನವೇ ನೋಡಿಕೊಳ್ಳಿ. ದೊಡ್ಡ ಕಛೇರಿ ಮುಗಿಯುವುದು, ಕೊನೆಯ ರೈಲು ಹೊರಡುವುದು ತೀರಾ ಹತ್ತಿರಹತ್ತಿರ ಇರಬಹುದು. ಪ್ಯಾರಿಸಿನಲ್ಲಿ ಉಳಿದು ಓಡಾಡುತ್ತೇನೆ ಅನ್ನುವವರು ರಾತ್ರಿಯ ಸುತ್ತನ್ನು ಕಳೆದುಕೊಳ್ಳುತ್ತಾರೆ. ಅದಕ್ಕೇ ಹತ್ತಿರದಲ್ಲೇ ಮಲಗಿ ಅನ್ನುವುದು.

ಹಗಲು

ಕಾರಿನಲ್ಲಿ ಬರುವವರಿಗೆ ಒಂದೇ ಮಾತು: ಗಿಟಾರನ್ನು ಕಾರಿನಲ್ಲಿ ಬಿಡಬೇಡಿ. ಹತ್ತು ನಿಮಿಷಕ್ಕೂ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗಿನ ಕಾವಿಗೆ ವಾದ್ಯದ ಅಂಟು ಮೆತ್ತಗಾಗುತ್ತದೆ. ಮೇಲಿನ ತೆಳು ಹಲಗೆ ತಂತಿಯ ಎಳೆತಕ್ಕೆ ಬಾಗುತ್ತದೆ. ಡಿಕ್ಕಿಯಲ್ಲಿಟ್ಟರೂ ಅಷ್ಟೇ.

ಯುರೋಪ್ ಅಂದರೆ ತಂಪು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? 2019ರ ಜೂನ್ 28ರಂದು ದಕ್ಷಿಣ ಫ್ರಾನ್ಸಿನಲ್ಲಿ 46 ಡಿಗ್ರಿ ದಾಖಲಾಗಿತ್ತು. ಫಾಂಟೆನ್‌ಬ್ಲೋ ಉತ್ತರದಲ್ಲಿದೆ, ಅಷ್ಟು ಏರುವುದಿಲ್ಲ. ಆದರೂ ತೆರೆದ ಹುಲ್ಲುಮೈದಾನದಲ್ಲಿ ಮಧ್ಯಾಹ್ನ ಮೂರರಿಂದ ಕೂತರೆ ಮೈ ಸೋಲುತ್ತದೆ. ಬೇಸಿಗೆಯ ಹಗಲು ಅಲ್ಲಿ ಉದ್ದ, ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. 'ಸಂಜೆ ಆಯಿತಲ್ಲ' ಅಂತ ಏಳು ಗಂಟೆಗೆ ಟೋಪಿ ತೆಗೆಯಬೇಡಿ, ಆಗಲೂ ಬಿಸಿಲು ಇರುತ್ತದೆ. ಒಂದೂವರೆ ಲೀಟರ್ ನೀರು ಜೊತೆಗಿರಲಿ. ಬಿಯರ್ ಕುಡಿಯುವವರು ಅದನ್ನು ನೀರಿನ ಲೆಕ್ಕಕ್ಕೆ ಸೇರಿಸಬೇಡಿ. ಮಧ್ಯಾಹ್ನ ಎರಡು ಗಂಟೆ ನೆರಳಲ್ಲಿ ಮಲಗಿ ಎದ್ದರೆ ರಾತ್ರಿ ನಿಮ್ಮದಾಗುತ್ತದೆ. ನಾನು ಈಗ ಮಧ್ಯಾಹ್ನದ ಕಛೇರಿಗಳನ್ನು ಬಿಟ್ಟೇಬಿಡುತ್ತೇನೆ.

ಬಿಸಿಲ ಬೆನ್ನಿಗೇ ಗುಡುಗು ಮಳೆ ಬರಬಹುದು. ಗಿಟಾರ್ ಚೀಲದ ಜೇಬಿನಲ್ಲಿ ಒಂದು ದೊಡ್ಡ ಕಸದ ಪ್ಲಾಸ್ಟಿಕ್ ಚೀಲ ಮಡಚಿಡಿ. ಮಳೆಯಲ್ಲಿ ಇಡೀ ಚೀಲಕ್ಕೆ ತೊಡಿಸಬಹುದು. ಮಿಂಚು ಶುರುವಾದರೆ ಒಂಟಿ ಮರದ ಕೆಳಗೆ, ಡೇರೆಯ ಕಬ್ಬಿಣದ ಕಂಬದ ಹತ್ತಿರ ನಿಲ್ಲಬೇಡಿ. ಗಟ್ಟಿ ಕಟ್ಟಡದ ಒಳಗೆ ಹೋಗಿ.

ಸ್ಪೀಕರುಗಳಿಂದ ದೂರ ಕೂರಿ. ಫ್ರಾನ್ಸಿನ ಕಾನೂನಿನ ಪ್ರಕಾರ ಕಾರ್ಯಕ್ರಮದ ಶಬ್ದ 15 ನಿಮಿಷದ ಸರಾಸರಿಯಲ್ಲಿ 102 ಡೆಸಿಬಲ್ ದಾಟುವಂತಿಲ್ಲ. ಅಂದರೆ ಅಲ್ಲಿಯವರೆಗೂ ಹೋಗಬಹುದು ಅಂತಲೇ ಅರ್ಥ. ಮಕ್ಕಳ ಕಿವಿಗೆ ಅದು ತುಂಬಾ ಜಾಸ್ತಿ. ಕಿವಿಗೆ ಇಡುವ ಪ್ಲಗ್ಗನ್ನು ಪುಕ್ಕಟೆ ಕೊಡಬೇಕು ಅಂತಲೂ ಅದೇ ಕಾನೂನು ಹೇಳುತ್ತದೆ. ಸಂಕೋಚ ಬೇಡ, ಕೇಳಿ ತೆಗೆದುಕೊಳ್ಳಿ.

ಸುತ್ತಿನಲ್ಲಿ ಕೂರುವುದು

ಇಷ್ಟೆಲ್ಲ ಮಾಡಿದ್ದು ಇದಕ್ಕೇ. ಆದರೆ ಗಿಟಾರ್ ತೆಗೆಯುವ ಮುಂಚೆ ಜ್ಯಾಂಗೊನ ಸಮುದಾಯದ ಜನರ ಬಗ್ಗೆ ಎರಡು ಮಾತು.

'ಜಿಪ್ಸಿ' ಹೊರಗಿನವರು ಇಟ್ಟ ಹೆಸರು. ಫ್ರಾನ್ಸಿನಲ್ಲಿ ಈ ಸಂಗೀತವನ್ನು ಜಾಝ್ ಮನುಷ್ ಅನ್ನುತ್ತಾರೆ. 'ಮನುಷ್' ಅಂದರೆ ಅವರ ಭಾಷೆಯಲ್ಲಿ ಮನುಷ್ಯ. ನಮ್ಮ 'ಮನುಷ್ಯ'ನ ಬಳಗದ್ದೇ ಪದ. ನೀರಿಗೆ ಅವರು 'ಪಾನಿ' ಅನ್ನುತ್ತಾರೆ. ಅವರ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರು ಅಂತ ಭಾಷೆಯೇ ಸಾಕ್ಷಿ ಹೇಳುತ್ತದೆ. ನೀವು ಭಾರತದವರು ಅಂತ ಗೊತ್ತಾದರೆ ಕೆಲವು ಹಿರಿಯರು ಪ್ರೀತಿಯಿಂದ ಮಾತಾಡಿಸುತ್ತಾರೆ. ಆದರೆ ಅದನ್ನು ಹಕ್ಕು ಅಂದುಕೊಂಡು ಮೈಮೇಲೆ ಬೀಳಬಾರದು. ಗಾಡಿಮನೆ ಅವರ ಮನೆ. ಇಣುಕಬೇಡಿ. ಕೇಳದೆ ಫೋಟೊ, ವಿಡಿಯೊ ಬೇಡ. ಮಕ್ಕಳದಂತೂ ಬೇಡವೇ ಬೇಡ.

ಈಗ ಗಿಟಾರ್. ಮೊದಲ ಎರಡು ಮೂರು ಹಾಡಿಗೆ ಅದು ಚೀಲದಲ್ಲೇ ಇರಲಿ. ಹೊರಗೆ ನಿಂತು ಕೇಳಿ. ಯಾರು ಹಾಡು ಶುರು ಮಾಡುತ್ತಾರೆ, ಯಾರ ಕಡೆ ಎಲ್ಲರ ಕಣ್ಣು ಹೋಗುತ್ತದೆ ಅಂತ ಗೊತ್ತಾಗುತ್ತದೆ. ಎಷ್ಟು ಜನ ಗಿಟಾರಿನಲ್ಲಿ ತಾಳ ಹಿಡಿದಿದ್ದಾರೆ ಎಣಿಸಿ. ಮೂವರಿಗಿಂತ ಜಾಸ್ತಿ ಇದ್ದರೆ ಅಲ್ಲಿ ನಿಮಗೆ ಜಾಗವಿಲ್ಲ ಅಂತ ತಿಳಿಯಿರಿ. ಮುಂದಿನ ಮರದ ಕೆಳಗೆ ಇನ್ನೊಂದು ಸುತ್ತು ಇದ್ದೇ ಇರುತ್ತದೆ. ಜಾಗ ಇದ್ದರೆ, ಹಾಡು ಮುಗಿದಾಗ ಕಣ್ಣು ಕೂಡಿಸಿ ಗಿಟಾರ್ ಕಡೆ ಕೈತೋರಿಸಿ. ಭಾಷೆ ಬೇಕಿಲ್ಲ. ತಲೆಯಾಡಿಸಿದರೆ ಕೂರಿ. ಅಕಾರ್ಡಿಯನ್ ಇದ್ದರೆ ಅದರ ಶ್ರುತಿ ಬದಲಿಸಲಾಗುವುದಿಲ್ಲ, ನಿಮ್ಮದನ್ನೇ ಅದಕ್ಕೆ ಸೇರಿಸಿಕೊಳ್ಳಿ.

ಮೊದಲು ಪಕ್ಕವಾದ್ಯ. ನಮ್ಮ ಕಛೇರಿ ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬರು ಸೋಲೊ ನುಡಿಸುವಾಗ ಉಳಿದವರ ಕೆಲಸ ಅವರನ್ನು ಎತ್ತಿ ಹಿಡಿಯುವುದು. ಇಲ್ಲಿನ ತಾಳಕ್ಕೆ 'ಲಾ ಪೊಂಪ್' ಅಂತ ಹೆಸರು. ಡ್ರಮ್ ಇಲ್ಲದ ತಂಡದಲ್ಲಿ ಡ್ರಮ್ಮಿನ ಕೆಲಸವನ್ನೂ ಗಿಟಾರೇ ಮಾಡುತ್ತದೆ. ನಾಲ್ಕು ಏಟಿನಲ್ಲಿ ಎರಡನೆಯದು, ನಾಲ್ಕನೆಯದು ಮೊನಚು, ಗಿಡ್ಡ. ಎಡಗೈ ತಕ್ಷಣ ಸಡಿಲವಾಗಿ ಸ್ವರವನ್ನು ಕತ್ತರಿಸಬೇಕು. ಚಪ್ಪಾಳೆ ತಟ್ಟುವುದೂ ಎರಡು, ನಾಲ್ಕಕ್ಕೇ. ನಮಗೆ ಒಂದಕ್ಕೆ ತಟ್ಟಿ ಅಭ್ಯಾಸ. ಅದನ್ನು ಮನೆಯಲ್ಲೇ ತಿದ್ದಿಕೊಂಡು ಹೋಗಿ, ಇಲ್ಲಿ ಒಂದು ತಪ್ಪು ಚಪ್ಪಾಳೆ ಇಡೀ ಗುಂಪಿನ ನಡಿಗೆ ಕೆಡಿಸುತ್ತದೆ.

ಶಬ್ದ ಎಷ್ಟಿರಬೇಕು? ಸೋಲೊ ನುಡಿಸುವವರ ಪ್ರತಿ ಸ್ವರವೂ ನಿಮ್ಮ ಕಿವಿಗೆ ಬೀಳುವಷ್ಟು ಮೆಲ್ಲಗೆ. ಇದೊಂದು ಗೊತ್ತಿದ್ದವರನ್ನು ಯಾರೂ ಏಳಿಸುವುದಿಲ್ಲ. ವೇಗವಾಗಿ ಬೆರಳು ಓಡಿಸಬಲ್ಲವರು ಅಲ್ಲಿ ನೂರಾರು. ಮೆಲ್ಲಗೆ, ಅಲುಗಾಡದೆ ತಾಳ ಹಿಡಿಯುವವರು ಕಡಿಮೆ. ಅಂಥವರಿಗೆ ಕುರ್ಚಿ ಎಳೆದು ಕೊಡುತ್ತಾರೆ. ನನಗೆ ಅಲ್ಲಿ ಸಿಕ್ಕ ಗೆಳೆಯರೆಲ್ಲ ಸಿಕ್ಕಿದ್ದು ಹೀಗೇ.

ಸೋಲೊ ಸುತ್ತುತ್ತಾ ನಿಮ್ಮ ಬಳಿ ಬರುತ್ತದೆ. ಎರಡು ಆವರ್ತ ನುಡಿಸಿ, ಪಕ್ಕದವರ ಕಡೆ ನೋಡಿ ಬಿಟ್ಟುಕೊಡಿ. ಧೈರ್ಯ ಬಾರದಿದ್ದರೆ ತಲೆಯಾಡಿಸಿ ಮುಂದಕ್ಕೆ ಕಳಿಸಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹತ್ತು ಹದಿನೈದು ಹಾಡುಗಳ ಚೌಕಟ್ಟು ಬಾಯಿಪಾಠ ಇದ್ದರೆ ಸಾಕು. ಶುರುವಿಗೆ ಜ್ಯಾಂಗೊ ಮತ್ತು ಗ್ರಾಪೆಲಿ 1937ರಲ್ಲಿ ಧ್ವನಿಮುದ್ರಿಸಿದ 'ಮೈನರ್ ಸ್ವಿಂಗ್' ಕಲಿಯಿರಿ. ಎ ಮೈನರ್, ಡಿ ಮೈನರ್, ಇ ಸೆವೆನ್ ಎಂಬ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛ), ಮುಖ್ಯವಾಗಿ ಇಷ್ಟೇ. ಪ್ರತಿ ರಾತ್ರಿ ಎಲ್ಲೋ ಒಂದು ಕಡೆ ಅದು ಕೇಳಿಸುತ್ತದೆ. ಪುಸ್ತಕ, ಫೋನ್ ನೋಡಿಕೊಂಡು ನುಡಿಸುವುದನ್ನು ಇಷ್ಟಪಡುವುದಿಲ್ಲ. ಫೋನಿನ ಬೆಳಕು ಕತ್ತಲಲ್ಲಿ ಎಲ್ಲರ ಕಣ್ಣಿಗೂ ಹೊಡೆಯುತ್ತದೆ.

ಕತ್ತಲಾದ ಮೇಲೆ

ಸುತ್ತಿನಿಂದ ಏಳುವ ಹೊತ್ತಿಗೆ ಮೈ ದಣಿದಿರುತ್ತದೆ, ಮನಸ್ಸು ಹಾಡಿನಲ್ಲೇ ಇರುತ್ತದೆ. ಬೀಳುವುದು ಆಗಲೇ. ಕ್ಯಾಂಪಿನಲ್ಲಿ ಟೆಂಟಿನ ಹಗ್ಗಗಳು ಮೊಣಕಾಲ ಕೆಳಗೆ ಜೇಡರ ಬಲೆಯ ಹಾಗೆ ಹರಡಿರುತ್ತವೆ. ನಾನು ಒಂದಕ್ಕೆ ಎಡವಿ ಅಂಗೈ ಊರಿ ಬಿದ್ದೆ. ಗಿಟಾರ್ ಬೆನ್ನ ಮೇಲಿತ್ತು, ಅದಕ್ಕೇನೂ ಆಗಲಿಲ್ಲ. ಬಲಗೈ ತರಚಿ ಮರುದಿನ ಪಿಕ್ ಹಿಡಿಯಲಾಗಲಿಲ್ಲ. ಒಂದು ಇಡೀ ರಾತ್ರಿ ಬರೀ ಕೇಳುತ್ತಾ ಕೂತೆ. ಅದಾದ ಮೇಲೆ ಹಣೆಗೆ ಕಟ್ಟುವ ಲೈಟ್ ಇಲ್ಲದೆ ಕ್ಯಾಂಪಿನಲ್ಲಿ ಒಂದು ಹೆಜ್ಜೆ ಇಡುವುದಿಲ್ಲ. ಕೆಂಪು ಬೆಳಕಿನದ್ದಾದರೆ ಬೇರೆಯವರ ಕಣ್ಣು ಕುಕ್ಕುವುದಿಲ್ಲ. ನಿಮ್ಮ ಟೆಂಟಿನ ಹಗ್ಗಕ್ಕೆ ಬಿಳಿ ಬಟ್ಟೆಯ ಚೂರು ಕಟ್ಟಿ. ಚಪ್ಪಲಿ ಬೇಡ, ಹಿಡಿತವಿರುವ ಶೂ ಬೇಕು.

ನದಿ ನೋಡಲು ಸೌಮ್ಯ. ಆದರೆ ದಂಡೆಯ ಕಲ್ಲುಗಳು ಇಬ್ಬನಿಗೆ ಪಾಚಿಯಂತೆ ಜಾರುತ್ತವೆ. ಸರಕು ದೋಣಿಗಳು ಹೋದ ಮೇಲೆ ಎದ್ದ ಅಲೆ ದಂಡೆಗೆ ಬಡಿಯುತ್ತದೆ. ಸೆಖೆ ಅಂತ ರಾತ್ರಿ ನೀರಿಗೆ ಇಳಿಯಬೇಡಿ, ಕುಡಿದವರನ್ನು ಇಳಿಯಲು ಬಿಡಬೇಡಿ. ಕಾಲು ಇಳಿಬಿಟ್ಟು ದಂಡೆಯಂಚಲ್ಲಿ ಕೂತು ಗಿಟಾರ್ ನುಡಿಸುವುದೂ ಬೇಡ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ ನಿಜ.

ಬೆಂಕಿಯ ಮಾತನ್ನು ಈ ಹಬ್ಬದಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 1928ರ ನವೆಂಬರಿನಲ್ಲಿ, ಜ್ಯಾಂಗೊಗೆ 18 ವರ್ಷ. ಹೆಂಡತಿ ಮಾರಲು ಮಾಡಿಟ್ಟಿದ್ದ, ಬೇಗ ಹೊತ್ತಿಕೊಳ್ಳುವ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ಕಿನ ಹೂಗಳು ಮೋಂಬತ್ತಿಗೆ ತಗುಲಿ ಗಾಡಿಮನೆ ಹೊತ್ತಿ ಉರಿಯಿತು. ಅವರ ಎಡಗೈಯ ಉಂಗುರ ಬೆರಳು, ಕಿರುಬೆರಳು ಸುಟ್ಟು ಮುದುರಿಹೋದವು. ಉಳಿದ ಎರಡು ಬೆರಳಲ್ಲಿ ಸೋಲೊ ನುಡಿಸಲು ಅವರು ಹೊಸದಾಗಿ ಕಲಿತದ್ದರಿಂದಲೇ ಈ ಸಂಗೀತಕ್ಕೆ ಈ ರೂಪ ಬಂತು. ಆ ಬೆಲೆ ತೆತ್ತವರ ಹಬ್ಬದಲ್ಲಿ ಟೆಂಟಿನೊಳಗೆ ಮೋಂಬತ್ತಿ ಹಚ್ಚುವುದು ಬೇಡ. ಗ್ಯಾಸ್ ಒಲೆ ಟೆಂಟಿನ ಹೊರಗೆ, ಸಮತಟ್ಟಾದ ಜಾಗದಲ್ಲಿ ಇರಲಿ. ಕಾಡಿನಲ್ಲಂತೂ ಬೆಂಕಿ ಹಚ್ಚುವುದಕ್ಕೇ ನಿಷೇಧವಿದೆ. ತುರ್ತಿಗೆ 112ಕ್ಕೆ ಫೋನ್ ಮಾಡಿ. ಬರೀ ವೈದ್ಯಕೀಯ ನೆರವಿಗೆ 15. ಹೊರಡುವ ಮುಂಚೆ ನಿಮ್ಮ ಕ್ಯಾಂಪಿನ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಗಾಬರಿಯಲ್ಲಿ ಹುಡುಕುವುದು ತಪ್ಪುತ್ತದೆ.

ಕಾಡು, ಉಣುಗು, ಮನೆಗೆ ಬಂದ ಮೇಲೆ

ಫಾಂಟೆನ್‌ಬ್ಲೋ ಕಾಡಿನಲ್ಲಿ ಬೆಳಗ್ಗೆ ಸುತ್ತಾಡಲು ತುಂಬಾ ಚೆನ್ನ. ಆದರೆ ಅಲ್ಲಿ ಉಣುಗು ಇವೆ. ಮಲೆನಾಡಿನವರಿಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಫ್ರಾನ್ಸಿನ ಉಣುಗು ತರುವುದು ಬೇರೆ ರೋಗ, ಲೈಮ್. ಅದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಬೇಗ ಗೊತ್ತಾದರೆ ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ.

ಎತ್ತರದ ಹುಲ್ಲಿನಲ್ಲಿ ಹೋಗುವಾಗ ಉದ್ದ ಪ್ಯಾಂಟ್ ಹಾಕಿ, ಅಂಚನ್ನು ಕಾಲುಚೀಲದೊಳಗೆ ತುರುಕಿ. ಹುಲ್ಲಲ್ಲಿ ನೇರ ಕೂರದೆ ಚಾಪೆ ಹಾಸಿ. ರಾತ್ರಿ ಮಲಗುವ ಮುಂಚೆ ಮೊಣಕಾಲ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ಕೈಯಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಮೇಲೆತ್ತಿ. ಹಸಿರು ಶಿಲುಬೆಯ ಗುರುತಿರುವ ಔಷಧಿ ಅಂಗಡಿಗಳಲ್ಲಿ ಇದಕ್ಕೆಂದೇ ಪುಟ್ಟ ಕೊಕ್ಕೆ ಮಾರುತ್ತಾರೆ. ಓಕ್ ಮರದ ಕಾಂಡದ ಮೇಲೆ ಬಲೆಯಂಥ ಗೂಡು ಕಂಡರೆ ಅದರ ಕೆಳಗೆ ಕೂರಬೇಡಿ. ಸಾಲಾಗಿ ಹೋಗುವ ಒಂದು ಜಾತಿಯ ಕಂಬಳಿಹುಳದ ಗೂಡು ಅದು. ರೋಮ ಗಾಳಿಯಲ್ಲಿ ಬಂದರೂ ಮೈ ಉರಿಯುತ್ತದೆ.

ಕೊನೆಯ ಬೆಳಗ್ಗೆ ಸಾಮ್ವಾದ ಸ್ಮಶಾನಕ್ಕೆ ಹೋಗಿ ಬನ್ನಿ. ಮಾತು ಮೆಲ್ಲಗಿರಲಿ, ಬೇರೆ ಮನೆತನಗಳ ಸಮಾಧಿಗಳೂ ಅಲ್ಲಿವೆ. ಆಮೇಲೆ ವಾಪಸ್ ಪ್ಯಾಕಿಂಗ್. ತಂತಿ ಒರೆಸಿ, ಒಂದೆರಡು ಸ್ವರ ಇಳಿಸಿ, ಬ್ರಿಡ್ಜಿನ ಟೇಪ್ ಗುರುತು ಜಾಗದಲ್ಲೇ ಇದೆಯಾ ನೋಡಿ. ಊರಿಗೆ ಬಂದ ಕೂಡಲೇ ಗಿಟಾರ್ ಪೆಟ್ಟಿಗೆ ತೆರೆಯಬೇಡಿ, ಬೆಂಗಳೂರಿನ ಮಳೆಗಾಲದ ಗಾಳಿಗೆ ಅದು ಒಂದು ದಿನ ಮುಚ್ಚಿಕೊಂಡೇ ಹೊಂದಿಕೊಳ್ಳಲಿ. ಒಂದು ತಿಂಗಳು ನಿಮ್ಮ ಚರ್ಮದ ಮೇಲೂ ಕಣ್ಣಿರಲಿ. ಉಣುಗು ಕಚ್ಚಿದ ಜಾಗದಲ್ಲಿ ಕೆಂಪು ಉಂಗುರದಂತೆ ದಿನದಿನಕ್ಕೆ ಹರಡುವ ಕಲೆ ಕಂಡರೆ, ಅಥವಾ ಜ್ವರ, ಕೀಲುನೋವು ಬಂದರೆ ವೈದ್ಯರ ಹತ್ತಿರ ಹೋಗಿ. ಫ್ರಾನ್ಸಿನ ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿತ್ತು ಅಂತ ನೀವೇ ಬಾಯಿಬಿಟ್ಟು ಹೇಳಿ. ನಮ್ಮಲ್ಲಿ ಲೈಮ್ ಅಪರೂಪ, ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.